ರಸ್ತೆಗೆ ಬಂದ ರಾಶಿ

ದೀಪಾವಳಿ ಮುಗಿದ ಮೇಲೆ ಹಾನಗಲ್ಲಿನಿಂದ ತಿಳವಳ್ಳಿ ಕಡೆಗೆ ಬೈಕ್ ಹತ್ತಿದವರಿಗೆ ಅಲ್ಲಲ್ಲಿ ಅರ್ಧ ರಸ್ತೆಯಷ್ಟೇ ಸಿಗುತ್ತದೆ. ಉಳಿದರ್ಧದಲ್ಲಿ ಗೋವಿನಜೋಳ ಹಾಸಿರುತ್ತದೆ. ಅಂಚಿಗೆ ಸಾಲುಗಲ್ಲು, ಮಗ್ಗುಲಲ್ಲಿ ಮಡಚಿಟ್ಟ ತಾಡಪತ್ರಿ, ಕಾಳಿನೊಳಗೆ ಕಾಲೆಳೆದು ತಿರುವಿ ಹಾಕುವ ಹೆಂಗಸರು. ಮೋಡ ಕವಿದರೆ ಓಟ.

ಇದು ಹಾವೇರಿ ಜಿಲ್ಲೆಯ ಅರೆಮಲೆನಾಡು, ಕೆರೆಗಳ ಸೀಮೆ. ಹಳೆಯ ಬೆಳೆ ಕೂರಿಗೆ ಭತ್ತ. ಸಸಿ ನಾಟಿಯ ಗೊಡವೆಯಿಲ್ಲ. ಮುಂಗಾರಿನ ಹದ ನೋಡಿ ಒಣ ನೆಲದಲ್ಲೇ ಬಿತ್ತಿ, ಎಡೆ ಹೊಡೆದು, ಮಳೆ ಹಿಡಿದ ಮೇಲೆ ಗದ್ದೆಗೆ ನೀರು ನಿಲ್ಲಿಸುವುದು. ಬೀಜ ಮನೆಯದು, ಗೊಬ್ಬರ ತಿಪ್ಪೆಯದು. ಕಾಳು ಕೈಕೊಟ್ಟರೂ ಎತ್ತಿಗೆ ಹುಲ್ಲು ದಕ್ಕುತ್ತಿತ್ತು. ಹಸಿವೂ ಇತ್ತೆನ್ನಿ, ಆ ಕಾಲವನ್ನು ಹೊಗಳಲು ನಾನು ತಯಾರಿಲ್ಲ. ಆದರೆ ಮುಳುಗುವುದರಲ್ಲಿ ರೊಕ್ಕದ ಪಾಲು ಸಣ್ಣದಿತ್ತು.

ಗೋವಿನಜೋಳಕ್ಕೆ ನಾಲ್ಕು ತಿಂಗಳು ಸಾಕು, ನೀರೂ ಆಳೂ ಕಡಿಮೆ. ಕೋಳಿ ಆಹಾರಕ್ಕೆ, ಪಿಷ್ಟಕ್ಕೆ, ಈಚೆಗೆ ಎಥೆನಾಲಿಗೂ ಬೇಕು. ಜನ ಒಲಿದದ್ದು ತಪ್ಪೇನಲ್ಲ. ಆದರೆ ಹೈಬ್ರಿಡ್ ಬೀಜ ವರ್ಷವರ್ಷವೂ ಅಂಗಡಿಯಿಂದಲೇ ಬರಬೇಕು, ಗೊಬ್ಬರವೂ ಅಷ್ಟೇ. 2008ರ ಜೂನ್ 10ರಂದು ಹಾವೇರಿಯಲ್ಲಿ ರೈತರು ಬೀದಿಗಿಳಿದದ್ದು ಆ ಗೊಬ್ಬರಕ್ಕೆ. ಗೋಲಿಬಾರಿಗೆ ಇಬ್ಬರು ಬಲಿಯಾದರು. ತಿಪ್ಪೆಗೊಬ್ಬರಕ್ಕೆ ಯಾರೂ ಸರದಿ ನಿಂತಿರಲಿಲ್ಲ.

2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ಪಕ್ಕದ ಶಿವಮೊಗ್ಗದಲ್ಲಿ. ಊರಿಡೀ ಒಂದೇ ಬೆಳೆಯಿದ್ದರೆ ಹುಳಕ್ಕೆ ಬದು ದಾಟುವುದು ಎಷ್ಟು ಹೊತ್ತಿನ ಕೆಲಸ? 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಪೇಟೆಯಲ್ಲಿ ಅದಕ್ಕಿಂತ ನೂರಾರು ರೂಪಾಯಿ ಕಡಿಮೆ. ಖರೀದಿ ಕೇಂದ್ರಕ್ಕಾಗಿ ಜಿಲ್ಲೆಯ ರೈತರು ಧರಣಿ ಕೂತರು.

ಬೋರ್‌ವೆಲ್ ಇದ್ದವರು ಅಡಿಕೆಗೆ ಹೊರಳಿದ್ದಾರೆ. ಫಸಲು ಕಾಣಲು ಐದಾರು ವರ್ಷ ಕಾಯಬೇಕು. 2016ರಿಂದ ಫಸಲ್ ಬಿಮಾ ಇದೆ: ಮುಂಗಾರಿನ ಗೋವಿನಜೋಳಕ್ಕೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಶೇ 5. ಜೋಳದ ನಷ್ಟ ಅಳೆಯುವುದು ಪಂಚಾಯಿತಿಯ ಸರಾಸರಿ ಇಳುವರಿ ಹಿಡಿದು, ಅಡಿಕೆಯದು ಮಳೆಮಾಪಕ ನೋಡಿ. ಮಾಪಕಕ್ಕೆ ಬಿದ್ದ ಮಳೆ ನಿಮ್ಮ ತೋಟಕ್ಕೂ ಬಿದ್ದಿತ್ತೇ ಎಂಬುದು ಬೇರೆ ಮಾತು. ದರ ಬಿದ್ದದ್ದಕ್ಕಂತೂ ಎರಡರಲ್ಲೂ ಬಿಡಿಗಾಸಿಲ್ಲ.

ಮಧ್ಯಾಹ್ನ ರಸ್ತೆಬದಿಯ ಮರದಡಿ ರಾಶಿ ಕಾಯುವವರು ಬುತ್ತಿ ಬಿಚ್ಚುತ್ತಾರೆ. ಒಳಗಿನ ಅನ್ನ ಪಡಿತರದ ಅಕ್ಕಿಯದು.