ಹೈಸ್ಕೂಲಿನ ಬಾಗಿಲಿನಿಂದ ಕಾಲೇಜಿನ ಹೊಸ್ತಿಲಿಗೆ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ದಿನ ನಮ್ಮ ಲಷ್ಕರ್ ಮೊಹಲ್ಲಾದ ಓಣಿಗಳಲ್ಲಿ ಒಂದು ಬಗೆಯ ಸಡಗರವುಂಟಾಗುತ್ತದೆ. ಹೆಸರಿಗೆ ಇದು ದಂಡಿನ ಕೇರಿ. ಈಗ ಇಲ್ಲಿರುವ ದಂಡೆಲ್ಲ ಅಂಗಡಿಕಾರರದು, ದರ್ಜಿಗಳದು, ಗುಮಾಸ್ತರದು. ಅಶೋಕ ರಸ್ತೆಯ ಅಂಗಡಿಗಳಿಂದ ಮಿಠಾಯಿಯ ಪೊಟ್ಟಣಗಳು ಮನೆಮನೆಗೂ ಹೊರಡುತ್ತವೆ. ಕೆಲವು ವರ್ಷಗಳ ಕೆಳಗೆ ಅಂತಹ ಒಂದು ಸಂಜೆ ನಮ್ಮ ನೆರೆಮನೆಯ ದರ್ಜಿ ಸಾಹೇಬರು ಪೇಡೆಯ ಪೊಟ್ಟಣವನ್ನು ಹಿಡಿದು ಬಂದರು. ಹುಟ್ಟಿನಿಂದಲೇ ಕಣ್ಣು ಕಾಣದ ಅವರ ಮಗಳು ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ಪೊಟ್ಟಣವನ್ನು ನನ್ನ ಕೈಗಿತ್ತು, ಜಗಲಿಯ ಮೇಲೆ ಕುಳಿತು, ಅವರು ಮೆಲ್ಲನೆ ಹೇಳಿದರು: “ಮಗಳು ಪಾಸಾದಳು ಮೇಷ್ಟ್ರೇ, ಸಂತೋಷವೇ. ಹತ್ತು ವರ್ಷ ಆ ಶಾಲೆಯವರು ನೋಡಿಕೊಂಡರು. ನಾಳೆಯಿಂದ ಯಾರು ನೋಡಿಕೊಳ್ಳುತ್ತಾರೆ?”

ಮೂವತ್ತು ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದ ನನಗೂ ಆ ಹೊತ್ತಿಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಕಲಿತುಕೊಂಡ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಶೇಷ ಶಾಲೆಗಳ ವಿಷಯದಲ್ಲಿ ಮೈಸೂರು ಹಿಂದುಳಿದ ಊರಲ್ಲ. ಕಿವುಡರಿಗೂ ಕುರುಡರಿಗೂ ಮೀಸಲಾದ ಪಾಠಶಾಲೆಯು ಇಲ್ಲಿ 1901ರಲ್ಲಿಯೇ ಸ್ಥಾಪಿತವಾಯಿತು. ತಿಲಕ್‌ನಗರದ ಆ ಶಾಲೆ ನಮ್ಮ ಮೊಹಲ್ಲಾಕ್ಕೆ ದೂರವೇನೂ ಅಲ್ಲ. ಇಂತಹ ಶಾಲೆಗಳಲ್ಲಿ ಮಗುವಿಗೆ ಬೇಕಾದ ಸಹಾಯವು ಗಾಳಿಯಂತೆ ಸುತ್ತಲೂ ತುಂಬಿರುತ್ತದೆ. ಪುಸ್ತಕವು ಬ್ರೈಲ್ ಲಿಪಿಯಲ್ಲಿರುತ್ತದೆ. ಉಪಾಧ್ಯಾಯರಿಗೆ ಕೈಸನ್ನೆಯ ಭಾಷೆ ಬರುತ್ತದೆ. ಗೋಡೆ, ಮೆಟ್ಟಿಲು, ನಲ್ಲಿ ಎಲ್ಲವೂ ಪರಿಚಿತ. ಮಗುವು ಯಾರನ್ನೂ ಏನನ್ನೂ ಬೇಡಬೇಕಾಗಿಲ್ಲ. ಕಾಲೇಜಿನಲ್ಲಿಯಾದರೋ ಎಲ್ಲವನ್ನೂ ಬಾಯಿಬಿಟ್ಟು ಕೇಳಿಯೇ ಪಡೆಯಬೇಕು. ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ಮಾತ್ರ ಹತ್ತು ವರ್ಷದ ಪಾಠದಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಬುದ್ಧಿಯಲ್ಲಿ ಏನೂ ಕೊರತೆಯಿಲ್ಲದ ಮಕ್ಕಳು ಹತ್ತನೆಯ ತರಗತಿಯ ನಂತರ ಮನೆಯಲ್ಲಿ ಕುಳಿತುಬಿಡುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ದರ್ಜಿ ಸಾಹೇಬರೂ ನಾನೂ ಹುಡುಗಿಯನ್ನು ಕರೆದುಕೊಂಡು ಮೊದಲು ಹೋದ ಕಾಲೇಜಿನಲ್ಲಿ, ಗುಮಾಸ್ತರು ಅರ್ಜಿಯನ್ನು ಕೊಡುವುದಕ್ಕೂ ಮನಸ್ಸು ಮಾಡಲಿಲ್ಲ. “ಇಲ್ಲಿ ಇಂಥವರಿಗೆ ಅನುಕೂಲವಿಲ್ಲ, ಬೇರೆ ಕಡೆ ನೋಡಿ” ಎಂದುಬಿಟ್ಟರು. ಕಟುವಾಗಿಯೇನೂ ಹೇಳಲಿಲ್ಲ, ಮರುಕದಿಂದಲೇ ಹೇಳಿದರು. ನಾವೂ ತಲೆತಗ್ಗಿಸಿ ಹಿಂದಿರುಗಿದೆವು. ನಾನು ಕಾಯಿದೆಯನ್ನು ತೆರೆದು ನೋಡಿದ್ದು ಆ ರಾತ್ರಿ. ಓದಿದ ಮೇಲೆ ನಾಚಿಕೆಯಾದದ್ದು ಗುಮಾಸ್ತರ ವಿಷಯದಲ್ಲಲ್ಲ, ನನ್ನ ವಿಷಯದಲ್ಲಿ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿದೆ. ಸರ್ಕಾರದ ಧನಸಹಾಯವನ್ನಾಗಲಿ ಮಾನ್ಯತೆಯನ್ನಾಗಲಿ ಪಡೆದ ವಿದ್ಯಾಸಂಸ್ಥೆಗಳು ಇಂತಹ ವಿದ್ಯಾರ್ಥಿಗಳನ್ನು ಭೇದವೆಣಿಸದೆ ಸೇರಿಸಿಕೊಳ್ಳತಕ್ಕದ್ದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಸಂಗತಿ ಗೃಹಸ್ಥರಲ್ಲಿ ಅನೇಕರಿಗೆ ತಿಳಿಯದು. ಉಳಿದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು 2009ರ ಕಾಯಿದೆಯ ಪ್ರಕಾರ 14 ವರ್ಷಕ್ಕೆ ಮುಗಿಯುತ್ತದೆ. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟು ವೈಕಲ್ಯವುಳ್ಳ ಮಕ್ಕಳಿಗೆ ಅದು 18 ವರ್ಷದವರೆಗೂ ಸಲ್ಲುತ್ತದೆ. ಅದರಾಚೆಗೆ, ಸರ್ಕಾರದ ಮತ್ತು ಅನುದಾನ ಪಡೆಯುವ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಇವರಿಗೆ ಮೀಸಲಿಡಬೇಕು. ವಯೋಮಿತಿಯಲ್ಲಿ 5 ವರ್ಷಗಳ ರಿಯಾಯಿತಿಯೂ ಉಂಟು. ಕಾಯಿಲೆಯಿಂದಲೋ ಬಡತನದಿಂದಲೋ ತಡವಾಗಿ ಶಾಲೆಗೆ ಸೇರಿದ ಮಗುವಿಗೆ ಈ ಕೊನೆಯದು ಸಣ್ಣ ಉಪಕಾರವಲ್ಲ.

ಇವೆಲ್ಲಕ್ಕೂ ಆಧಾರ ಒಂದೇ ಕಾಗದ: ಸರ್ಕಾರಿ ವೈದ್ಯರು ಪರೀಕ್ಷಿಸಿ ಕೊಡುವ ಅಂಗವೈಕಲ್ಯದ ಪ್ರಮಾಣಪತ್ರ, ಅದರೊಡನೆ ಬರುವ ಯು.ಡಿ.ಐ.ಡಿ. ಕಾರ್ಡು. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಇದಕ್ಕಾಗಿ ಆಸ್ಪತ್ರೆಗೆ ಓಡಾಡತೊಡಗಿದರೆ ಕಾಲೇಜಿನ ಪ್ರವೇಶದ ಗಡುವು ಮುಗಿದುಹೋಗುವುದು. ಒಂಬತ್ತನೆಯ ತರಗತಿಯಲ್ಲಿಯೇ ಮಾಡಿಸಿಟ್ಟುಕೊಳ್ಳುವುದು ಲೇಸು. ಹನ್ನೊಂದನೆಯ ತರಗತಿಯಿಂದ ಮುಂದಕ್ಕೆ ಕೇಂದ್ರ ಸರ್ಕಾರದವರು ಕೊಡುವ ವಿದ್ಯಾರ್ಥಿವೇತನಕ್ಕೂ ಇದು ಬೇಕು.

ಆದರೆ ಕಾಗದವೊಂದೇ ಸಾಲದೆಂಬುದಕ್ಕೆ ಹೆಲೆನ್ ಕೆಲ್ಲರ್ ಅವರ ವೃತ್ತಾಂತವನ್ನು ಹೇಳಬೇಕು. ಕಣ್ಣೂ ಕಿವಿಯೂ ಇಲ್ಲದ ಆ ಮಹಿಳೆ 1904ರಲ್ಲಿ ಅಮೆರಿಕೆಯ ರಾಡ್‌ಕ್ಲಿಫ್ ಕಾಲೇಜಿನ ಪದವೀಧರೆಯಾದರೆಂಬುದನ್ನು ಎಲ್ಲರೂ ಬಲ್ಲರು. ಅದಕ್ಕೆ 5 ವರ್ಷಗಳ ಹಿಂದೆ, 1899ರ ಜೂನ್ ತಿಂಗಳಲ್ಲಿ, ಕಾಲೇಜಿಗೆ ಸೇರುವ ಪರೀಕ್ಷೆಯಲ್ಲಿ ಅವರು ಪಟ್ಟ ಪಾಡನ್ನು ಬಲ್ಲವರು ಕಡಿಮೆ. ಬಾಲ್ಯದಿಂದಲೂ ಜೊತೆಯಲ್ಲಿದ್ದ ಗುರು ಆ್ಯನ್ ಸಲಿವನ್ ಅವರು ಪ್ರಶ್ನೆಪತ್ರಿಕೆಯನ್ನು ಓದಿ ಹೇಳಕೂಡದೆಂದು ಕಾಲೇಜಿನವರು ಕಟ್ಟು ಮಾಡಿದರು. ಅಪರಿಚಿತರೊಬ್ಬರು ಪ್ರಶ್ನೆಗಳನ್ನು ಬ್ರೈಲ್ ಲಿಪಿಗೆ ಇಳಿಸಿಕೊಟ್ಟರು. ಬೀಜಗಣಿತದ ಚಿಹ್ನೆಗಳನ್ನು ಆಕೆ ಕಲಿತದ್ದು ಇಂಗ್ಲೆಂಡಿನ ಬ್ರೈಲ್ ಪದ್ಧತಿಯಲ್ಲಿ. ಪರೀಕ್ಷೆಯಲ್ಲಿ ಬಂದದ್ದು ಅಮೆರಿಕೆಯ ಪದ್ಧತಿ. ಈ ಸಂಗತಿ ತಿಳಿದದ್ದು ಪರೀಕ್ಷೆಗೆ ಎರಡು ದಿನ ಮುಂಚೆ! ಗಣಿತ ಬರುತ್ತಿದ್ದರೂ ಚಿಹ್ನೆ ಬಾರದೆ ಆಕೆ ಪೇಚಾಡಿದರು. ತೇರ್ಗಡೆಯಾದದ್ದು ಅವರ ಛಲದಿಂದ. ಪರೀಕ್ಷೆ ನಡೆಸಿದವರ ಮುಂದಾಲೋಚನೆಯಿಂದಲ್ಲ.

ನಮ್ಮ ಮನೆಗಳ ಮಕ್ಕಳಿಗೂ ಇಂತಹ ತೊಡಕು ಲಿಪಿಕಾರರ, ಎಂದರೆ ಹೇಳಿದ ಉತ್ತರವನ್ನು ಬರೆದುಕೊಡುವವರ, ವಿಷಯದಲ್ಲಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಂತೆ ಲಿಪಿಕಾರರನ್ನು ಅಭ್ಯರ್ಥಿಯೇ ಕರೆತರಬಹುದಾಗಿತ್ತು, ಇಲ್ಲವೇ ಪರೀಕ್ಷೆ ನಡೆಸುವವರಿಂದ ಪಡೆಯಬಹುದಾಗಿತ್ತು. ಗಂಟೆಯೊಂದಕ್ಕೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲವೂ ಉಂಟು. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುವುದು. ಪರೀಕ್ಷೆಗೆ ಎರಡು ದಿನ ಮುಂಚೆ ಲಿಪಿಕಾರರನ್ನು ಭೇಟಿಮಾಡಲು ಅವಕಾಶ ಕೊಡಬೇಕೆಂದೂ ಆ ನಿಯಮಗಳಲ್ಲಿ ಹೇಳಿತ್ತು. ನನ್ನನ್ನು ಕೇಳಿದರೆ ಎರಡು ದಿನ ಏನೇನೂ ಸಾಲದು. ಉತ್ತರವನ್ನು ಬರೆಯುವುದು ಬೇರೆ, ಇನ್ನೊಬ್ಬರಿಂದ ಬರೆಯಿಸುವುದು ಬೇರೆ. ಎಲ್ಲಿ ನಿಲ್ಲಿಸಬೇಕು, ಯಾವ ಪದದ ಅಕ್ಷರಗಳನ್ನು ಬಿಡಿಸಿ ಹೇಳಬೇಕು, ಬರೆದದ್ದನ್ನು ಯಾವಾಗ ಓದಿಸಿ ಕೇಳಬೇಕು ಎಂಬುದೆಲ್ಲ ಅಭ್ಯಾಸದಿಂದ ಬರತಕ್ಕದ್ದು. ನಮ್ಮ ಹುಡುಗಿಗೆ ನನ್ನ ಮೊಮ್ಮಗನೇ ಒಂದು ವರ್ಷ ಪ್ರತಿ ಭಾನುವಾರ ಲಿಪಿಕಾರನಾಗಿ ಕುಳಿತನು. ಮೊದಲ ತಿಂಗಳು ಇಬ್ಬರಿಗೂ ಜಗಳವೇ ಜಗಳ. ಅವನ ಕಾಗುಣಿತದ ತಪ್ಪುಗಳನ್ನು ಅವಳು ಕೇಳಿಯೇ ಕಂಡುಹಿಡಿಯುತ್ತಿದ್ದಳು.

ಪುಸ್ತಕಗಳ ಕಷ್ಟವು ಹಿಂದಿನಷ್ಟಿಲ್ಲ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಿಂದ, ಅಚ್ಚಿನ ಪುಸ್ತಕವನ್ನು ಓದಲಾರದವರು ತಮಗೆ ಒಗ್ಗುವ ರೂಪದಲ್ಲಿ ಪುಸ್ತಕಗಳನ್ನು ಪಡೆಯಬಹುದು. ಮೊಬೈಲೇ ಓದಿ ಹೇಳುವುದೂ ಉಂಟು.

ಹೆಚ್ಚು ಶ್ರಮವಾದದ್ದು ದಾರಿಯ ವಿಷಯದಲ್ಲಿ. ನಾವು ಕೊನೆಗೆ ಆರಿಸಿದ ಕಾಲೇಜು ಹೆಸರಿನಿಂದ ದೊಡ್ಡದಲ್ಲ. ಒಂದೇ ಬಸ್ಸಿನಲ್ಲಿ ತಲುಪಬಹುದಾಗಿತ್ತು. ಪ್ರಾಂಶುಪಾಲರು ನನ್ನೊಡನೆ ಮಾತನಾಡದೆ ಹುಡುಗಿಯೊಡನೆಯೇ ಮಾತನಾಡಿದರು. ಆ ಎರಡು ಕಾರಣ ನಮಗೆ ಸಾಕಾದವು. ಬೇಸಗೆಯ ರಜೆಯಲ್ಲಿ ತಂದೆ ಮಗಳು ಆ ದಾರಿಯನ್ನು ಹನ್ನೆರಡು ಬಾರಿ ನಡೆದರು: ಎಲ್ಲಿ ಚರಂಡಿಯ ಚಪ್ಪಡಿ ಎದ್ದಿದೆ, ಹೂವಿನವರು ಎಲ್ಲಿ ಕೂರುತ್ತಾರೆ, ಕಾಲೇಜಿನ ಬಾಗಿಲಿನಿಂದ ತರಗತಿಗೆ ಎಷ್ಟು ಹೆಜ್ಜೆ, ಹೆಣ್ಣುಮಕ್ಕಳ ಶೌಚಾಲಯ ಎಲ್ಲಿ. ಮೊದಮೊದಲು ತಂದೆ ಕೈಹಿಡಿದು ನಡೆಯಿಸಿದರು. ಆಮೇಲೆ ಹತ್ತು ಮಾರು ಹಿಂದೆ ನಡೆದರು. ಹನ್ನೆರಡನೆಯ ಬಾರಿ ಮಗಳು ಒಬ್ಬಳೇ ಹೋಗಿಬಂದಳು. ಆ ದಿನ ಅಂಗಡಿಯಲ್ಲಿ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲವೆಂದು ಸಾಹೇಬರು ಆಮೇಲೆ ಹೇಳಿದರು.

ಕಿವಿ ಕೇಳದ ಮಕ್ಕಳ ಸಂಕಟ ಬೇರೆ ತೆರನಾದದ್ದು. ಅವರಿಗೆ ದಾರಿ ತೊಡಕಲ್ಲ, ತರಗತಿಯೇ ತೊಡಕು. ಅಧ್ಯಾಪಕರು ಹಲಗೆಯ ಕಡೆ ತಿರುಗಿ ಬರೆಯುತ್ತ ಮಾತನಾಡಿದರೆ ತುಟಿಯ ಚಲನೆಯೂ ಕಾಣದು. ಮುಂದಿನ ಬೆಂಚು, ಟಿಪ್ಪಣಿಗಳನ್ನು ಕೊಡುವ ಒಬ್ಬ ಸಹಪಾಠಿ, ಸಾಧ್ಯವಾದರೆ ಸನ್ನೆಭಾಷೆ ಬಲ್ಲ ಒಬ್ಬರು, ಇಷ್ಟನ್ನು ಮೊದಲನೆಯ ವಾರದಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಎರಡನೆಯ, ಮೂರನೆಯ ಭಾಷೆಗಳಿಂದ ವಿನಾಯಿತಿ ಕೊಡಲು ಅಧಿನಿಯಮದಲ್ಲಿ ಅವಕಾಶವಿದೆ. ಶಾಲೆಯಲ್ಲಿ ಅದನ್ನು ಪಡೆದಿದ್ದರೆ ಅದರ ಆದೇಶದ ಪ್ರತಿಯನ್ನು ಜೋಪಾನವಾಗಿಟ್ಟು ಕಾಲೇಜಿಗೆ ತೋರಿಸಬೇಕು. ಶ್ರವಣಯಂತ್ರದ ಪರೀಕ್ಷೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವಾಗ ಮೈಸೂರಿನವರಾದ ನಾವು ಉದಾಸೀನ ಮಾಡಕೂಡದು. ಪಿ.ಯು.ಸಿ. ಒಂದೇ ಮಾರ್ಗವೆಂದೂ ತಿಳಿಯಬೇಕಾಗಿಲ್ಲ. ಅಂಗವೈಕಲ್ಯವುಳ್ಳವರಿಗಾಗಿಯೇ ಜೆ.ಎಸ್.ಎಸ್. ಮಹಾವಿದ್ಯಾಪೀಠದವರು ಸ್ಥಾಪಿಸಿದ ಪಾಲಿಟೆಕ್ನಿಕ್ ಈ ಊರಿನಲ್ಲಿದೆ. ಹತ್ತನೆಯ ತರಗತಿಯ ನಂತರ ಅಲ್ಲಿ ಡಿಪ್ಲೊಮಾ ಓದಬಹುದು.

ದರ್ಜಿ ಸಾಹೇಬರ ಮಗಳು ಪಿ.ಯು.ಸಿ. ಮುಗಿಸಿ ಈಗ ಬಿ.ಎ. ಓದುತ್ತಿದ್ದಾಳೆ. ಈ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಕಿವಿ ಕೇಳದ ಹುಡುಗನೊಬ್ಬನು ತೇರ್ಗಡೆಯಾಗಿದ್ದಾನೆ. ಅವನ ತಾಯಿ ಮೊನ್ನೆ ನನ್ನಲ್ಲಿಗೆ ಬಂದಿದ್ದರು. ನಾನು ಆ ಹುಡುಗಿಗೆ ಹೇಳಿಕಳುಹಿಸಿದೆನು. ಆಕೆ ಬಂದು ಆ ತಾಯಿಯ ಪಕ್ಕದಲ್ಲಿ ಕುಳಿತು, ಕಾಲೇಜಿನವರನ್ನು ಏನೇನು ಕೇಳಬೇಕೆಂಬುದನ್ನು ಒಂದೊಂದಾಗಿ ಹೇಳುತ್ತ ಹೋದಳು. ಆ ತಾಯಿ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರು. ಬರುವ ಸೋಮವಾರ ಮೂವರೂ ಪಾಲಿಟೆಕ್ನಿಕ್ಕಿಗೆ ಹೋಗುವುದೆಂದು ಗೊತ್ತಾಗಿದೆ. ನಾನೂ ಬರಲೇ ಎಂದು ಕೇಳಿದೆನು. “ಬೇಡ ಮೇಷ್ಟ್ರೇ, ಬಿಸಿಲು ಜಾಸ್ತಿ” ಎಂದಳು.