ಸ್ಪ್ರೇಯರಿನ ಅಲ್ಯೂಮಿನಿಯಂಗೆ ಬಣ್ಣ ನಿಲ್ಲಬೇಕಾದರೆ

ಮೂರು ವರ್ಷದ ಹಿಂದಿನ ಜುಲೈ. ಅಡಿಕೆಗೆ ಎರಡನೇ ಸಲದ ಮದ್ದು ಬಿಡುತ್ತಿದ್ದೆವು. ಪವರ್ ಸ್ಪ್ರೇಯರಿನ ಪಂಪು ಇದ್ದಕ್ಕಿದ್ದಂತೆ ಕಬ್ಬಿಣದ ಫ್ರೇಮಿನಿಂದ ಕಳಚಿ ಪಕ್ಕಕ್ಕೆ ವಾಲಿತು. ಬೋಲ್ಟ್ ಸರಿಯಾಗಿಯೇ ಇತ್ತು. ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿಯೇ ತುಂಡಾಗಿತ್ತು. ಮರ ಏರುವವರು ಸಿಕ್ಕಿದ್ದು ಅದೊಂದೇ ದಿನ, ಮಳೆ ಬಿಟ್ಟದ್ದೂ ಅದೇ ದಿನ. ಕೆಳಗಿನ ತೋಟಕ್ಕೆ ಮದ್ದು ಆಗಲಿಲ್ಲ. ಮತ್ತೆ ಮಳೆ ಬಿಡುವಷ್ಟರಲ್ಲಿ ಅಲ್ಲಿ ಕೊಳೆ ಹತ್ತಿ ಕಾಯಿ ಉದುರಲು ಸುರುವಾಗಿತ್ತು.

ವರ್ಕ್‌ಶಾಪಿನವರು ಆ ತುಂಡನ್ನು ತಿರುಗಿಸಿ ನೋಡಿ, "ಇದು ಮುರಿದದ್ದಲ್ಲ ಮಾರಾಯ್ರೆ, ತಿಂದು ಹೋದದ್ದು" ಅಂದರು. ಹಸಿರು ಬಣ್ಣದ ಹೊಪ್ಪಳೆ ಎಬ್ಬಿಸಿದರೆ ಒಳಗೆ ಬಿಳಿ ಹುಡಿ, ಹುಡಿಯ ಅಡಿಯಲ್ಲಿ ಗುಂಡಿ. ಆ ಬಣ್ಣ ಹೊಡೆದವನು ನಾನೇ. ಹಿಂದಿನ ವರ್ಷ ಗೇಟಿಗೆ ತಂದು ಉಳಿದಿದ್ದ ರೆಡ್ ಆಕ್ಸೈಡ್ ಬಳಿದು, ಮೇಲೆ ಎನಾಮೆಲ್ ಹೊಡೆದು, ಪಂಪು ಹೊಸದಾಯಿತೆಂದು ಖುಷಿಪಟ್ಟಿದ್ದೆ.

ಕತ್ತಿ ಕೆಂಪಾಗುವ ಹಾಗೆ

ಬೋರ್ಡೋ ಸರಿಯಾಯಿತೋ ಎಂದು ನಾವು ಉಜ್ಜಿದ ಕತ್ತಿ ಅದ್ದಿ ನೋಡುತ್ತೇವಲ್ಲ? ಸುಣ್ಣ ಕಮ್ಮಿಯಾದರೆ ಕತ್ತಿಗೆ ಕೆಂಪು ಹಿಡಿಯುತ್ತದೆ. ಆ ಕೆಂಪು ತಾಮ್ರ. ದ್ರಾವಣದ ತಾಮ್ರ ಕತ್ತಿಯ ಮೇಲೆ ಕೂರುತ್ತದೆ, ಬದಲಿಗೆ ಕಬ್ಬಿಣ ಕರಗಿ ಹೋಗುತ್ತದೆ. ಅಲ್ಯೂಮಿನಿಯಂಗೂ ಇದೇ ಗತಿ. ಒಮ್ಮೆ ತಾಮ್ರದ ಚುಕ್ಕೆ ಕೂತಿತೋ, ನೀರಿನ ಪಸೆ ಇದ್ದಷ್ಟು ಕಾಲ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಗಿ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತಾ ಗುಂಡಿ ಬೀಳುತ್ತದೆ.

ಹಾಗೆಂದು ಸುಣ್ಣ ಹೆಚ್ಚಾದರೆ ಕ್ಷೇಮವೋ? ಅದೂ ಅಲ್ಲ. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಬರುತ್ತದೆ. ಅದಕ್ಕೆ ಕಾವಲೇ ಆ ಪೊರೆ. ಸುಣ್ಣದ ಖಾರ ಈ ಪೊರೆಯನ್ನೇ ಕರಗಿಸುತ್ತದೆ. ಮದ್ದು ಹರಿಯುವ ಒಳಭಾಗ ನಮ್ಮ ಪಂಪಿನಲ್ಲಿ ಹಿತ್ತಾಳೆಯದು, ತೊಂದರೆ ಇಲ್ಲ. ತೊಂದರೆ ಇರುವುದು ಹೊರಗೆ ಚೆಲ್ಲಿ, ಬೋಲ್ಟಿನ ಬುಡದಲ್ಲಿ ನಿಂತು ಒಣಗಿದ ಮದ್ದಿನಿಂದ.

ಬಣ್ಣ ಯಾಕೆ ಎದ್ದು ಬಂತು

ತಪ್ಪು ಮೂರು. ಒಂದು, ಎರಕದ ಅಲ್ಯೂಮಿನಿಯಂನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅವು ವರ್ಷಾನುಗಟ್ಟಲೆ ಎಣ್ಣೆ ಕುಡಿದಿರುತ್ತವೆ. ನಾನು ಮೇಲಿಂದ ಸೀಮೆಎಣ್ಣೆಯಲ್ಲಿ ಒರೆಸಿದ್ದು ಮಾತ್ರ. ಎರಡು, ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಹೇಳಿ ಮಾಡಿಸಿದ್ದು, ನುಣುಪಾದ ಅಲ್ಯೂಮಿನಿಯಂಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಮೂರು, ನಾವು ಬಾಗಿಲಿಗೆ ಹೊಡೆಯುವ ಮಾಮೂಲಿ ಎನಾಮೆಲ್ ಎಣ್ಣೆ ಮೂಲದ್ದು. ಎಣ್ಣೆಗೆ ಖಾರ ಸೇರಿದರೆ ಸಾಬೂನಾಗುತ್ತದೆ. ಸುಣ್ಣದ ಪಸೆ ನಿಂತಲ್ಲಿ ಎನಾಮೆಲ್ ಮೆತ್ತಗಾಗುವುದು ಹೀಗೆ. ಎದ್ದ ಬಣ್ಣದ ಅಡಿಗೆ ಮದ್ದು ನುಗ್ಗಿದರೆ ತೊಳೆಯಲಿಕ್ಕೂ ಆಗುವುದಿಲ್ಲ. ಇಂಥಾ ಬಣ್ಣಕ್ಕಿಂತ ಬಣ್ಣವೇ ಇಲ್ಲದಿದ್ದರೆ ಲೇಸಿತ್ತು.

ಈಗ ಮಾಡುವ ಕ್ರಮ

ಹೊಸ ಬಾಡಿ ಹಾಕಿಸಿದ ಮೇಲೆ ವಿಚಾರಿಸಿ, ತಿಳಿದುಕೊಂಡು ಮಾಡಿದ್ದು ಹೀಗೆ. ಸಮಯ ಮಾರ್ಚ್. ಮಳೆಗಾಲದ ತಂಡಿಯಲ್ಲಿ ಈ ಕೆಲಸ ಬೇಡ.

ಮೊದಲು ಯಾವುದು ಅಲ್ಯೂಮಿನಿಯಂ ಎಂದು ಗುರುತಿಸಿ. ಅಯಸ್ಕಾಂತ ಹಿಡಿಯುವುದಿಲ್ಲ, ತೂಕವೂ ಹಗುರ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಧಾರಾಳ ನೀರಿನಲ್ಲಿ ನೈಲಾನ್ ಬ್ರಶ್ಶಿನಿಂದ ಉಜ್ಜಿ ಮದ್ದಿನ ಕಲೆ ತೆಗೆಯಬೇಕು. ಹುಣಸೆ ಹುಳಿ ಹಾಕಬೇಡಿ. ಹುಳಿಗೆ ಕಲೆಯ ತಾಮ್ರ ಕರಗಿ ಪುನಃ ಲೋಹದ ಮೇಲೆಯೇ ಕೂರುತ್ತದೆ. ಕಾಸ್ಟಿಕ್ ಸೋಡಾವಂತೂ ಬೇಡವೇ ಬೇಡ, ಅಲ್ಯೂಮಿನಿಯಂ ನೊರೆ ಬಂದು ಕರಗುತ್ತದೆ.

ಆಮೇಲೆ ಸಾಬೂನು ಹಾಕಿದ ಬಿಸಿ ನೀರಿನಲ್ಲಿ ತೊಳೆದು, ಮಧ್ಯಾಹ್ನದ ಬಿಸಿಲಿಗೆ ಇಡಿ. ಲೋಹ ಕಾದ ಹಾಗೆ ರಂಧ್ರದ ಎಣ್ಣೆ ಬೆವರಿನಂತೆ ಮೇಲೆ ಬರುತ್ತದೆ. ಥಿನ್ನರ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಿ, ಪುನಃ ಬಿಸಿಲಿಗೆ. ಥಿನ್ನರ್ ಹತ್ತಿರ ಬೆಂಕಿ, ಬೀಡಿ ಇರಬಾರದು. ನನಗೆ ಮೂರು ಸಲ ಮಾಡಬೇಕಾಯಿತು.

ಹಳೆ ಬಣ್ಣ, ಬಿಳಿ ಹುಡಿ ಪೂರಾ ಹೋಗುವವರೆಗೆ 180 ನಂಬ್ರದ ಪೇಪರಿನಲ್ಲಿ ಉಜ್ಜಿ. ಕಬ್ಬಿಣದ ವೈರ್ ಬ್ರಶ್ ಬೇಡ, ಅದರ ಕಣಗಳು ಮೆತ್ತಗಿನ ಅಲ್ಯೂಮಿನಿಯಂನಲ್ಲಿ ಹೂತು ತುಕ್ಕು ಹಿಡಿಯುತ್ತವೆ. ಹಳೆಯ ಹಳದಿ ಪ್ರೈಮರ್ ಕಂಡರೆ ಜಾಗ್ರತೆ. ಅದು ಜಿಂಕ್ ಕ್ರೋಮೇಟ್ ಇರಬಹುದು, ಅದರ ಧೂಳು ಕ್ಯಾನ್ಸರ್‌ಕಾರಕ. ಒಣ ಉಜ್ಜಬಾರದು.

ಈಗ ಒಂದು ಪರೀಕ್ಷೆ. ಮೇಲಿಂದ ಶುದ್ಧ ನೀರು ಸುರಿಯಿರಿ. ನೀರು ಒಂದೇ ಪದರವಾಗಿ ಹರಡಿದರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿದರೆ ಎಣ್ಣೆ ಇನ್ನೂ ಇದೆ, ಹಿಂದಕ್ಕೆ ಹೋಗಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೆ ಬಿಡಲಿಕ್ಕಾಗದ್ದು ಇದೇ.

ಒಣಗಿದ ಮೇಲೆ ಗ್ಯಾಸ್ಕೆಟ್ ಕೂರುವ ಮುಖ, ಬೇರಿಂಗ್ ಕೂರುವ ಜಾಗ, ಮರೆಗಳಿಗೆಲ್ಲ ಟೇಪು ಅಂಟಿಸಿ. ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಪ್ರೈಮರ್ ಹೊಡೆಯಬೇಕು. ನಾಳೆಗೆ ಇಟ್ಟರೆ ಉಜ್ಜಿದ ಮೈ ಮಂಕಾಗಿ ಹಿಡಿತ ಕಮ್ಮಿಯಾಗುತ್ತದೆ.

ಯಾವ ಬಣ್ಣ?

ನಾನು ಬಳಸಿದ್ದು ಎರಡು ಡಬ್ಬಿಯ ಎಪಾಕ್ಸಿ, ಪ್ರೈಮರೂ ಮೇಲಿನ ಬಣ್ಣವೂ ಅದೇ ಜಾತಿಯದು. ಅಂಗಡಿಯಲ್ಲಿ "ಅಲ್ಯೂಮಿನಿಯಂಗೆ ಆಗುವ ಎಪಾಕ್ಸಿ ಪ್ರೈಮರ್" ಎಂದೇ ಕೇಳಿ. ಎಪಾಕ್ಸಿ ಸುಣ್ಣಕ್ಕೆ ಜಗ್ಗುವುದಿಲ್ಲ. ಬಿಸಿಲಿಗೆ ಮೇಲ್ಮೈ ಹುಡಿಹುಡಿಯಾಗಿ ಹೊಳಪು ಹೋಗುತ್ತದೆ. ಹೋಗಲಿ, ಪಂಪನ್ನು ನಾವೇನು ಮೆರವಣಿಗೆಗೆ ಇಡುವುದಿಲ್ಲ. ಎರಡು ಡಬ್ಬಿಯದನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು, ಅಂದಾಜಿನ ಲೆಕ್ಕ ನಡೆಯದು. ಒಂದು ಸಲಕ್ಕೆ ಬೇಕಾದಷ್ಟೇ ಕಲಸಿ, ಉಳಿದದ್ದು ಗಟ್ಟಿಯಾಗಿ ಹಾಳಾಗುತ್ತದೆ. ಕೈಗೆ ಗ್ಲೌಸ್ ಹಾಕಿ, ಗಾಳಿ ಆಡುವ ಜಾಗದಲ್ಲಿ ಬ್ರಶ್ಶಿನಿಂದಲೇ ಹಚ್ಚಿ. ದಪ್ಪಕ್ಕೆ ಒಂದು ಕೋಟಿಗಿಂತ ತೆಳ್ಳಗೆ ಎರಡು ಒಳ್ಳೆಯದು. ನಾನು ಒಂದು ವಾರ ಮುಟ್ಟದೆ ಒಣಗಲು ಬಿಟ್ಟೆ.

ಎಂಜಿನ್ನಿನ ಸಿಲಿಂಡರಿನ ರೆಕ್ಕೆಗಳಿಗೆ ಈ ಬಣ್ಣ ಹೊಡೆಯಬೇಡಿ. ಅವು ಶಾಖ ಬಿಡಲೆಂದೇ ಇರುವುದು. ಅವನ್ನು ತೊಳೆದು ಹಾಗೇ ಬಿಡಿ.

ಜೋಡಿಸುವಾಗ ಬೋಲ್ಟಿಗೆ ಗ್ರೀಸ್ ಹಚ್ಚಿ, ಅಡಿಗೆ ನೈಲಾನ್ ವಾಶರ್ ಕೊಟ್ಟೆ. ಬಣ್ಣ ಕಿತ್ತುಹೋಗುವುದೂ ಮದ್ದು ನಿಲ್ಲುವುದೂ ಅಲ್ಲಿಯೇ.

ಎರಡು ಮಳೆಗಾಲ ಕಳೆಯಿತು. ಒಂದೇ ಕಡೆ, ಎಣ್ಣೆ ಪ್ಲಗ್ಗಿನ ಕೆಳಗೆ, ಒಂದು ರೂಪಾಯಿ ಅಗಲಕ್ಕೆ ಹೊಪ್ಪಳೆ ಎದ್ದಿದೆ. ಅಲ್ಲಿ ನೀರು ಹನಿಗಟ್ಟಿದ್ದನ್ನು ನಾನು ಕಂಡಿದ್ದೆ. ಸಂಜೆಯಾಯಿತು, ಇರಲಿ ಎಂದು ಬಿಟ್ಟಿದ್ದೆ. ಉಳಿದ ಕಡೆ ಉಗುರಿಗೆ ಬಗ್ಗುವುದಿಲ್ಲ.

ಬಣ್ಣ ಇದೆಯೆಂದು ತೊಳೆಯುವುದನ್ನು ಮಾತ್ರ ಬಿಡಬಾರದು. ಮದ್ದು ಮುಗಿದ ಸಂಜೆ ಎಷ್ಟೇ ಸುಸ್ತಾಗಿರಲಿ, ಎರಡು ಕೊಡ ನೀರು ಪಂಪಿನ ಹೊರಮೈಗೂ ಬೀಳಬೇಕು. ನಮ್ಮ ಕೆಳಗಿನ ತೋಟದ ಆ ವರ್ಷದ ಫಸಲು ಹೋದದ್ದು ಆ ಎರಡು ಕೊಡ ನೀರಿನ ಉದಾಸೀನದಿಂದ.