ಲಾಠಿಗೂ ಗುಂಡಿಗೂ ಅಳತೆ ಯಾವುದು?

ಪ್ರಶ್ನೆ: ಪೊಲೀಸರು ಅಗತ್ಯಕ್ಕಿಂತ ಹೆಚ್ಚು ಬಲ ಬಳಸಿದರೆಂದು ನ್ಯಾಯಾಲಯ ಹೇಗೆ ತೀರ್ಮಾನಿಸುತ್ತದೆ? (ಓದುಗರು, ಶ್ರವಣಬೆಳಗೊಳ)

ಇಷ್ಟು ಏಟು ಸರಿ, ಇದಕ್ಕಿಂತ ಹೆಚ್ಚು ತಪ್ಪು ಎಂಬ ಲೆಕ್ಕ ಕಾನೂನಿನಲ್ಲಿಲ್ಲ. ಆ ಗಳಿಗೆಯಲ್ಲಿ ಎದುರಿಗಿದ್ದ ಅಪಾಯಕ್ಕೂ ಬಳಸಿದ ಬಲಕ್ಕೂ ತಾಳೆಯಾಗುತ್ತದೆಯೇ ಎಂದು ನ್ಯಾಯಾಲಯ ನೋಡುತ್ತದೆ. ಒಲೆ ಪಕ್ಕ ಹತ್ತಿದ ಕಿಡಿಗೆ ಚೆಂಬು ನೀರು ಸಾಕು, ಹುಲ್ಲಿನ ಬಣವೆ ಹೊತ್ತಿದರೆ ಅಗ್ನಿಶಾಮಕ ವಾಹನವೇ ಬೇಕು. ಬೆಂಕಿ ಆರಿದ ಮೇಲೂ ನೀರು ಸುರಿದರೆ ಹಾಳಾಗುವುದು ಮನೆಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಂತೆ, ಅಕ್ರಮ ಕೂಟಕ್ಕೆ ಮೊದಲು ಚದುರುವಂತೆ ಆಜ್ಞೆ ಕೊಡಬೇಕು. ಕೊಡುವವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ. ಠಾಣಾಧಿಕಾರಿ ಇಲ್ಲದಾಗ ಕನಿಷ್ಠ ಸಬ್ ಇನ್‌ಸ್ಪೆಕ್ಟರ್. ಜನ ಜಗ್ಗದಿದ್ದರೆ ಬಲಪ್ರಯೋಗ. ಕೆಳಗೆ ಬಿದ್ದವನಿಗೆ ಮತ್ತೆ ಬಾರಿಸಿದರೆ ಅದು ಚದುರಿಸುವುದಲ್ಲ, ಶಿಕ್ಷಿಸುವುದು. ಆ ಅಧಿಕಾರ ಪೊಲೀಸರಿಗಿಲ್ಲ.

ಬಂಧನದ ನಿಯಮ ಇನ್ನೂ ಖಚಿತ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು 43ನೇ ಕಲಂ ಕೊಡುವುದಿಲ್ಲ. ಸರ ಕಿತ್ತುಕೊಂಡು ಓಡುವವನನ್ನು ಹಿಡಿಯಬೇಕು, ಕೊಲ್ಲುವಂತಿಲ್ಲ.

2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆಯಿತು. ಗೊಬ್ಬರ ಕೇಳಿದವರಿಗೆ ಗುಂಡು! ಇಂಥ ಘಟನೆಯಲ್ಲಿ ಎಚ್ಚರಿಕೆ ಕೊಟ್ಟರೇ, ಅಶ್ರುವಾಯು ಬಳಸಿದರೇ, ಗುಂಡು ತಗುಲಿದ್ದು ಕಾಲಿಗೋ ಎದೆಗೋ ಬೆನ್ನಿಗೋ ಎಂಬುದನ್ನೆಲ್ಲ ಪರಿಶೀಲಿಸಬೇಕಾಗುತ್ತದೆ. ಮರಣೋತ್ತರ ಪರೀಕ್ಷೆಯ ವರದಿಯ ಒಂದೇ ಸಾಲು ಅಧಿಕಾರಿಯ ಹೇಳಿಕೆಯನ್ನು ಬುಡಮೇಲು ಮಾಡಬಲ್ಲದು.

ಎನ್‌ಕೌಂಟರ್‌ನಲ್ಲಿ ಸಾವಾದರೆ ಸಿಐಡಿ ಅಥವಾ ಬೇರೆ ಠಾಣೆಯ ತಂಡವೇ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿದೆ.